ಕರಾಚಿ ಮತ್ತು ಮುಂಬೈ ನಡುವಿನ ವ್ಯತ್ಯಾಸ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ,

ನಮಸ್ಕಾರಗಳು.

1971ರ ಡಿಸೆಂಬರ್ 4ರ ರಾತ್ರಿ ನಮ್ಮ ನೌಕಾಪಡೆಯ ಕ್ಷಿಪಣಿ ದೋಣಿಗಳು ಕರಾಚಿಯತ್ತ ನುಗ್ಗಿ ಪಾಕಿಸ್ತಾನದ ಖೈಬರ್ ಯುದ್ಧನೌಕೆಯನ್ನು ಮುಳುಗಿಸಿದವು. ನಾಲ್ಕು ದಿನಗಳ ನಂತರ ಎರಡನೇ ದಾಳಿಯಲ್ಲಿ ಕಿಯಾಮರಿಯ ತೈಲ ಸಂಗ್ರಹಾಗಾರ ಹೊತ್ತಿ ಉರಿಯಿತು. 2008ರ ನವೆಂಬರ್ 26ರ ರಾತ್ರಿ ಅದೇ ಕರಾಚಿಯಿಂದ ಅದೇ ಅರಬ್ಬಿ ಸಮುದ್ರ ದಾಟಿ ಬಂದ ಹತ್ತು ಮಂದಿಯ ದಾಳಿಗೆ ಮುಂಬೈಯಲ್ಲಿ 166 ಜನ ಬಲಿಯಾದರು. ಮೊದಲನೆಯದರ ನೆನಪಿಗೆ ನೌಕಾಪಡೆ ದಿನ ಆಚರಿಸುತ್ತೇವೆ, ಎರಡನೆಯದನ್ನು ಭಯೋತ್ಪಾದನೆ ಎನ್ನುತ್ತೇವೆ. ಎರಡೂ ಸರಿಯೇ. ಆದರೆ ‘ಅದು ನಮ್ಮದು, ಇದು ಅವರದು’ ಎಂಬುದೊಂದೇ ಅದಕ್ಕೆ ಕಾರಣವಾದರೆ ನಮ್ಮ ಮಾತನ್ನು ಜಗತ್ತು ಯಾಕೆ ಕೇಳಬೇಕು?

ಸತ್ತವರ ಲೆಕ್ಕದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಖೈಬರ್‌ನಲ್ಲಿ ಸತ್ತ ನಾವಿಕರೂ ನೂರಾರು. ಗುರಿ ಯಾರಾಗಿದ್ದರು ಎಂದು ಕೇಳಿದಾಗಲೇ ಅದು ತಿಳಿಯುವುದು. ಅಲ್ಲಿ ಯುದ್ಧನೌಕೆ, ಯುದ್ಧಕ್ಕೆ ಒದಗುವ ಇಂಧನ. ಇಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ರೈಲಿಗೆ ಕಾಯುತ್ತಿದ್ದ ಪ್ರಯಾಣಿಕರು, ಹೋಟೆಲಿನಲ್ಲಿ ಊಟಕ್ಕೆ ಕುಳಿತವರು. ಅವರನ್ನು ಕೊಂದು ಊರಿಗೆ ಊರನ್ನೇ ನಡುಗಿಸುವುದೇ ಆ ದಾಳಿಯ ಉದ್ದೇಶವಾಗಿತ್ತು.

ಇಷ್ಟಕ್ಕೇ ನಾವು ನಿರಾಳವಾಗುವಂತಿಲ್ಲ. ಕರಾಚಿಯ ಎರಡನೇ ದಾಳಿಯಲ್ಲಿ ಪನಾಮಾ ಮತ್ತು ಬ್ರಿಟನ್‌ನ ವ್ಯಾಪಾರಿ ಹಡಗುಗಳಿಗೂ ಕ್ಷಿಪಣಿ ಬಡಿಯಿತು. ಅದು ಭಯೋತ್ಪಾದನೆಯಲ್ಲ, ಆದರೂ ಪ್ರಶ್ನೆ ಉಳಿಯುತ್ತದೆ: ಸಾಕಷ್ಟು ಮುನ್ನೆಚ್ಚರಿಕೆ ಇತ್ತೇ? ಸಿಕ್ಕ ಸೈನಿಕ ಲಾಭಕ್ಕೆ ಹೋಲಿಸಿದರೆ ಸಾಮಾನ್ಯರಿಗಾದ ಹಾನಿ ಅತಿಯಾಯಿತೇ? ನ್ಯಾಯಬದ್ಧ ಯುದ್ಧ ಎನ್ನಬೇಕಾದರೆ ಈ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. ಸಮವಸ್ತ್ರ ತೊಟ್ಟ ಮಾತ್ರಕ್ಕೆ ಯಾರೂ ಪಾರಾಗಲಾರರು. ಬೋಸ್ನಿಯಾ ಯುದ್ಧದಲ್ಲಿ ಸಾರಾಯೆವೊ ನಗರದ ಜನರ ಮೇಲೆ ಶೆಲ್ ಮತ್ತು ಗುಂಡಿನ ಮಳೆ ಸುರಿಸಿದ ಪಡೆಯ ಸೇನಾನಿ ಸ್ಟಾನಿಸ್ಲಾವ್ ಗಾಲಿಚ್‌ಗೆ, ನಾಗರಿಕರಲ್ಲಿ ಭೀತಿ ಹರಡಿದ ಅಪರಾಧವೂ ಸೇರಿ, ಯುಗೊಸ್ಲಾವಿಯಾದ ಯುದ್ಧಾಪರಾಧಗಳ ಅಂತರರಾಷ್ಟ್ರೀಯ ನ್ಯಾಯಮಂಡಳಿ 2006ರಲ್ಲಿ ಮೇಲ್ಮನವಿಯ ಹಂತದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು.

ಭಯೋತ್ಪಾದನೆಯ ವಿರುದ್ಧ ಸಮಗ್ರ ಒಪ್ಪಂದ ಬೇಕೆಂದು ವಿಶ್ವಸಂಸ್ಥೆಯಲ್ಲಿ 1996ರಲ್ಲಿ ಕೇಳಿದ್ದು ಭಾರತವೇ. ವಿದೇಶಿ ಆಕ್ರಮಣದ ವಿರುದ್ಧ ಹೋರಾಡುವವರು ಮತ್ತು ಸರ್ಕಾರಿ ಸೇನೆಗಳು ಇದರೊಳಗೆ ಬರಬೇಕೇ ಬೇಡವೇ ಎಂಬ ಜಗ್ಗಾಟದಲ್ಲಿ ಅದು ಇಂದಿಗೂ ಸಿಕ್ಕಿಕೊಂಡಿದೆ. ಆದರೆ ಭಯೋತ್ಪಾದನೆಗೆ ಹಣ ಒದಗಿಸುವುದರ ವಿರುದ್ಧದ 1999ರ ಒಪ್ಪಂದದಲ್ಲಿ ದಾರಿ ಆಗಲೇ ಇದೆ: ಜನರನ್ನು ಬೆದರಿಸಲು ಅಥವಾ ಸರ್ಕಾರವನ್ನು ಮಣಿಸಲು ನಾಗರಿಕರನ್ನು, ಕಾಳಗದಲ್ಲಿ ಭಾಗಿಯಾಗದವರನ್ನು ಕೊಲ್ಲುವ ಕೃತ್ಯಕ್ಕೆ ಹಣ ಒದಗಿಸುವುದು ಅಪರಾಧ. ಭಾರತ ಇದನ್ನು ಒಪ್ಪಿದೆ. ಆ ಕೃತ್ಯದ ಈ ವಿವರಣೆಯನ್ನೇ ಅಳತೆಗೋಲಾಗಿ ಮುಂದಿಡಿ.

ಇನ್ನೊಂದು ವಿನಂತಿ ಇದಕ್ಕಿಂತ ಕಷ್ಟದ್ದು. ನಾಗರಿಕರಲ್ಲಿ ಭೀತಿ ಹರಡುವುದೇ ಮುಖ್ಯ ಉದ್ದೇಶವಾದ ದಾಳಿಯನ್ನು ನೇರವಾಗಿ ನಿಷೇಧಿಸುವ ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳ 1977ರ ಮೊದಲ ಪ್ರೋಟೊಕಾಲ್‌ಗೆ (ಪೂರಕ ಒಪ್ಪಂದಕ್ಕೆ) ಭಾರತ ಸೇರಿಲ್ಲ. ವಿಮೋಚನಾ ಹೋರಾಟಗಳ ಕುರಿತ ಅದರ ವಿಧಿ ಉಗ್ರರಿಗೆ ಮಾನ್ಯತೆ ತಂದೀತೆಂಬ ಅಂಜಿಕೆಯನ್ನು ತಳ್ಳಿಹಾಕಲಾರೆ. ಆದರೆ ಯಾವ ಹೋರಾಟದ ಹೆಸರಿನಲ್ಲೂ ನಾಗರಿಕರನ್ನು ಕೊಲ್ಲಲು ಅದು ಅನುಮತಿ ಕೊಡುವುದಿಲ್ಲ. ಬ್ರಿಟನ್ 1998ರಲ್ಲಿ ತನ್ನ ಷರತ್ತುಗಳನ್ನು ದಾಖಲಿಸಿಯೇ ಸೇರಿತು. ನಮಗೂ ಆ ದಾರಿ ತೆರೆದಿದೆ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಬಲಿಯಾದ 26 ಜನರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಅವರಿಗಾಗಿ ನಾವು ಎತ್ತುವ ದನಿಗೆ ತೂಕ ಬರಬೇಕಾದರೆ, ಇತರರಿಗೆ ಹೇಳುವ ನಿಯಮಕ್ಕೆ ನಾವೂ ಸಹಿ ಹಾಕಿರಬೇಕು. ಈ ಪ್ರೋಟೊಕಾಲ್ ಬಗ್ಗೆ ಸರ್ಕಾರದ ನಿಲುವೇನು, ಯಾವ ಷರತ್ತುಗಳೊಂದಿಗೆ ಸೇರಬಹುದು ಎಂಬುದನ್ನು ಮುಂದಿನ ಅಧಿವೇಶನದಲ್ಲಿ ಸಂಸತ್ತಿನ ಮುಂದಿಡಬೇಕೆಂದು ಕೋರುತ್ತೇನೆ.

ಇಂತಿ,
ಕರ್ನಾಟಕದ ಒಬ್ಬ ಮತದಾರ