ಸೆಡಾನ್‌ನಲ್ಲಿ ಗೆದ್ದಿದ್ದು ಬರೀ ಟ್ಯಾಂಕ್ ಅಲ್ಲ

ಮಾನ್ಯ ಸಂಪಾದಕರೇ,

1940ರಲ್ಲಿ ಜರ್ಮನಿ ಫ್ರಾನ್ಸಿಗೆ ನುಗ್ಗಿದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಜರ್ಮನ್ ಟ್ಯಾಂಕುಗಳು ಭಾರಿ ಬಲಶಾಲಿ, ಅವನ್ನು ನೋಡಿಯೇ ಫ್ರೆಂಚರು ಹೆದರಿ ಕೈ ಎತ್ತಿದರು ಅನ್ನೋ ಹಾಗಿದೆ ಆ ಬರಹ. ಇದು ತಪ್ಪು. ಯುದ್ಧ ನಡೆದ ಆ ಆರು ವಾರಗಳಲ್ಲಿ 50 ಸಾವಿರಕ್ಕೂ ಜಾಸ್ತಿ ಫ್ರೆಂಚ್ ಸೈನಿಕರು ಸತ್ತಿದ್ದಾರೆ, ಅವರನ್ನು ಸುಮ್ನೆ ಹೇಡಿಗಳು ಅಂದುಬಿಡೋದು ಅನ್ಯಾಯ ಅಲ್ವಾ?

ಆಗ ಜರ್ಮನ್ನರ ಟ್ಯಾಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾಂಜರ್ 1 ಮತ್ತು 2. ತೆಳು ಕವಚದ ಸಣ್ಣ ಗಾಡಿಗಳು. ಫ್ರೆಂಚರ ಷಾರ್ ಬಿ1 ಬಿಸ್ ಟ್ಯಾಂಕಿಗೆ 60 ಮಿಲಿಮೀಟರ್ ದಪ್ಪದ ಉಕ್ಕಿತ್ತು. ಮೇ 16ರಂದು ಸ್ಟೋನ್ ಎಂಬ ಹಳ್ಳಿಯಲ್ಲಿ ಫ್ರೆಂಚ್ ಕ್ಯಾಪ್ಟನ್ ಪಿಯರ್ ಬಿಲೊಟ್ ಅವರ ಇಂಥದ್ದೇ ಒಂದು ಟ್ಯಾಂಕ್ 13 ಜರ್ಮನ್ ಟ್ಯಾಂಕುಗಳನ್ನು ಕೆಡವಿ, 140 ಏಟು ತಿಂದೂ ವಾಪಸ್ ಬಂತು. ಆದರೆ ಅದರ ಗೋಪುರದಲ್ಲಿ ಕೂರುತ್ತಿದ್ದವನು ಒಬ್ಬನೇ. ಸುತ್ತ ನೋಡೋದು, ಗುಂಡು ತುಂಬೋದು, ಗುರಿ ಇಟ್ಟು ಹೊಡೆಯೋದು, ಜೊತೆಯವರಿಗೆ ಆದೇಶ ಕೊಡೋದು, ಎಲ್ಲ ಅವನದ್ದೇ ಕೆಲಸ.

ಅದಕ್ಕಿಂತ ದೊಡ್ಡ ವ್ಯತ್ಯಾಸ ರೇಡಿಯೊ. ಬಹುಪಾಲು ಫ್ರೆಂಚ್ ಟ್ಯಾಂಕುಗಳಲ್ಲಿ ಅದು ಇರಲೇ ಇಲ್ಲ. ಜರ್ಮನ್ ದಳಪತಿ ಗುಡೇರಿಯನ್ ಮೊದಲನೇ ಮಹಾಯುದ್ಧದಲ್ಲಿ ಸಂದೇಶ ಕಳಿಸುವ ವಿಭಾಗದಲ್ಲೇ ಕೆಲಸ ಮಾಡಿದವನು, ಹಾಗಾಗಿ ಅವನ ಟ್ಯಾಂಕುಗಳು ಒಂದರ ಮಾತು ಇನ್ನೊಂದು ಕೇಳುತ್ತಾ ಓಡುತ್ತಿದ್ದವು. ಅತ್ತ ಫ್ರೆಂಚ್ ಸೇನಾಪತಿ ಗಾಮ್ಲಾಂ ಪ್ಯಾರಿಸ್ ಪಕ್ಕದ ವಿನ್ಸೆನ್ ಕೋಟೆಯಲ್ಲಿ ಕೂತಿದ್ದರು. ಅಲ್ಲೂ ರೇಡಿಯೊ ಇಲ್ಲ!

ಇದರ ಬೆಲೆ ಏನು ಅಂತ ಮ್ಯೂಸ್ ನದಿ ದಂಡೆಯ ಫ್ರೆಂಚ್ ಪಟ್ಟಣ ಸೆಡಾನ್‌ನಲ್ಲಿ ಗೊತ್ತಾಯಿತು. ಮೇ 13ರ ಮಧ್ಯಾಹ್ನ, ಜರ್ಮನ್ನರ ಸ್ಟೂಕಾ ವಿಮಾನಗಳು ಗಂಟೆಗಟ್ಟಲೆ ಬಾಂಬ್ ಹಾಕಿದ ಮೇಲೆ, ಮ್ಯೂಸ್ ನದಿ ದಾಟಿದ್ದು ಟ್ಯಾಂಕ್ ಅಲ್ಲ, ರಬ್ಬರ್ ದೋಣಿಯಲ್ಲಿ ಕೂತ ಅವರ ಕಾಲಾಳುಗಳು. ರಾತ್ರಿ ಸೇತುವೆ ಕಟ್ಟಿದರು. ಜರ್ಮನ್ ಟ್ಯಾಂಕುಗಳು ಈಚೆ ಬರೋ ಮುಂಚೆ ಎದುರೇಟು ಕೊಡಲು ಫ್ರೆಂಚರಿಗೆ ಇಡೀ ರಾತ್ರಿ ಇತ್ತು. ಅವರ ಟ್ಯಾಂಕ್ ದಳ ಹತ್ತಿರದಲ್ಲೇ ಇತ್ತು. ಆದೇಶಕ್ಕೆ ಕಾದರು, ಹಿಂದಕ್ಕೆ ಓಡಿ ಬರುತ್ತಿದ್ದ ತಮ್ಮದೇ ಸೈನಿಕರೂ ಗಾಡಿಗಳೂ ದಾರಿ ಕಟ್ಟಿದ್ದವು, ಹೊರಟಾಗ 14ರ ಬೆಳಗಾಗಿತ್ತು. ಅಷ್ಟರಲ್ಲಿ ಪ್ಯಾಂಜರ್‌ಗಳು ಸೆಡಾನ್‌ನ ದಕ್ಷಿಣಕ್ಕಿರುವ ಬುಲ್ಸೋನ್ ದಿಬ್ಬಕ್ಕೆ ಬಂದು ನಿಂತಿದ್ದವು. ಅಲ್ಲಿಂದ ಸಮುದ್ರ ತೀರ ಮುಟ್ಟಲು ಜರ್ಮನ್ನರಿಗೆ ಒಂದು ವಾರವೂ ಬೇಕಾಗಲಿಲ್ಲ, ಮೇ 20ಕ್ಕೇ ತಲುಪಿದರು.

ದಯವಿಟ್ಟು ಈ ತಿದ್ದುಪಡಿ ಹಾಕಿ. ಸ್ಟೋನ್‌ನಲ್ಲಿ ಹೋರಾಡಿದವರ ಬಗ್ಗೆ ಒಂದು ಪೂರ್ತಿ ಲೇಖನವನ್ನೇ ಬರೆಸಿದರೆ ಇನ್ನೂ ಒಳ್ಳೆಯದು.

ಇಂತಿ,
ನಿಮ್ಮ ಓದುಗ