ಈಗ ಶಾಲೆಯವರೇ ಬರೆಯುತ್ತಾರೆ: ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ.

ಶಾಲೆಯ ವರ್ಷ ಮುಗಿಯಿತು. ಕೊಪ್ಪಳ ಜಿಲ್ಲೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಟ್ಟ ಶಾಲೆಗಳು ಈ ವರ್ಷ ಪೂರ್ತಿ ತಮ್ಮ ಸೂಚನೆ, ಫಲಿತಾಂಶ, ಫೋಟೋ ಎಲ್ಲವನ್ನೂ ತಾವೇ ಹಾಕಿಕೊಂಡಿವೆ. ದಾಖಲಾತಿ ಶುರುವಾಗಿದೆ ಅಂತ ಎರಡು ಸಾಲು ಹಾಕಿಸಲು ಯಾರೂ ನನಗೆ ಫೋನ್ ಮಾಡಲಿಲ್ಲ. ಎಷ್ಟೋ ದಿನದಿಂದ ನಾನು ಬಯಸಿದ್ದು ಇದನ್ನೇ. ಇದು ನನ್ನೊಬ್ಬನಿಂದ ಆದ ಕೆಲಸ ಅಲ್ಲ. ಹೆಸರು ಹಾಕುವುದು ಬೇಡ ಅಂತ ಹಲವರು ಹೇಳಿದ್ದಾರೆ. ಓದಿದರೆ ಯಾರ ಮಾತು ಅಂತ ಅವರಿಗೆ ಗೊತ್ತಾಗುತ್ತದೆ.

ಮೊದಲು ಗಂಗಾವತಿ ಕಡೆಯ ಹೆಡ್‌ಮಾಸ್ತರರಿಗೆ. ಅವರ ಶಾಲೆಗೆ ಮುಂಚೆಯೇ ಒಂದು ವೆಬ್‌ಸೈಟ್ ಇತ್ತು. ಮಾಡಿಕೊಟ್ಟವರು ಡೊಮೇನ್ ಅನ್ನು, ಅಂದರೆ ವೆಬ್‌ಸೈಟ್‌ನ ವಿಳಾಸವನ್ನು, ತಮ್ಮ ಹೆಸರಿನಲ್ಲೇ ತೆಗೆದುಕೊಂಡಿದ್ದರು. ಪಾಸ್‌ವರ್ಡ್ ಕೂಡ ಅವರ ಹತ್ತಿರವೇ. ಅವರು ಊರು ಬಿಟ್ಟರು, ವರ್ಷಕ್ಕೊಮ್ಮೆ ಕಟ್ಟುವ ಹಣ ಕಟ್ಟಲಿಲ್ಲ, ಸೈಟ್ ಹೋಯಿತು. ಹಳೆಯ ಫೋಟೋಗಳು, ಬಹುಮಾನ ಪಡೆದ ಮಕ್ಕಳ ಪಟ್ಟಿ ಎಲ್ಲ ಅದರ ಜೊತೆಗೇ ಹೋದವು. ಹೊಸದು ಮಾಡಿಕೊಡುತ್ತೇನೆ ಅಂದಾಗ ಸರ್ ಕೇಳಿದ್ದು ಒಂದೇ ಮಾತು: “ಸಾಲಿ ನಮ್ದು ಅಂದಮ್ಯಾಲೆ ಕೀಲಿಕೈ ನಿಮ್ ಕಡೆ ಯಾಕ ಇರ್ಬೇಕ್ರಿ?”

ಅವತ್ತಿನಿಂದ ಎಲ್ಲ ಶಾಲೆಯಲ್ಲೂ ಅದೇ ಪದ್ಧತಿ. ಡೊಮೇನ್ ಶಾಲೆಯ ಹೆಸರಿನಲ್ಲಿ, ಶಾಲೆಯ ಇಮೇಲ್‌ನಲ್ಲಿ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ. ಹೆಡ್‌ಮಾಸ್ತರರಿಗೆ ವರ್ಗಾವಣೆ ಆದರೆ, ಚಾರ್ಜ್ ಕೊಡುವಾಗ ಬೀರುವಿನ ಕೀಲಿಕೈ ಜೊತೆ ಆ ಲಕೋಟೆಯೂ ಹೊಸಬರ ಕೈಗೆ ಹೋಗುತ್ತದೆ. ಈ ಲಕೋಟೆಯ ಉಪಾಯವೂ ಅವರದೇ.

ಅದೇ ಶಾಲೆಯ ಕ್ಲರ್ಕ್ ಸರ್‌ಗೆ ಎಷ್ಟು ಹೇಳಿದರೂ ಕಡಿಮೆ. ಆಫೀಸಿನ ಹಳೆಯ ಫೈಲ್‌ಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿದ್ದವು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ವೆಬ್‌ಸೈಟ್‌ಗೆ ಪೇಸ್ಟ್ ಮಾಡಿದರೆ ತಲೆಬುಡ ಇಲ್ಲದ ಗುರುತುಗಳ ಸಾಲು. ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಿದರೂ ಅಲ್ಲೊಂದು ಒತ್ತಕ್ಷರ, ಇಲ್ಲೊಂದು ಅರ್ಕಾವತ್ತು ಜಾಗ ತಪ್ಪಿರುತ್ತದೆ. ‘ಕಾರ್ಯಕ್ರಮ’ ಅನ್ನೋ ಪದ ಅವರಿಗೆ ಕೊಟ್ಟಷ್ಟು ಕಾಟ ಬೇರೆ ಯಾವುದೂ ಕೊಟ್ಟಿಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅವರು ಕೂತು, ಒಂದು ಕೈಯಲ್ಲಿ ಪ್ರಿಂಟ್ ಹಿಡಿದು, ಸ್ಕೇಲ್ ಇಟ್ಟುಕೊಂಡು ಸಾಲು ಸಾಲು ತಿದ್ದಿದರು. ಇವತ್ತು ಆ ಶಾಲೆಯ ಯಾವ ಹಳೆಯ ಸೂಚನೆಯನ್ನಾದರೂ ಕನ್ನಡದಲ್ಲೇ ಹುಡುಕಬಹುದು. ಇದಕ್ಕೆ ಯಾರೂ ಅವರಿಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟಿಲ್ಲ.

ಇನ್ನೊಬ್ಬರು ಒಬ್ಬ ಹುಡುಗಿಯ ತಂದೆ. ಅವರಿಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳುವುದನ್ನು ಕೇಳಿಸಿಕೊಂಡು ಎಲ್ಲ ಕೆಲಸ ಮಾಡುತ್ತಾರೆ. ಪಾಲಕರ ಸಭೆಯಲ್ಲಿ ಎದ್ದು ನಿಂತು ಹೇಳಿದರು: “ನೋಟಿಸಿನ ಫೋಟೋ ಹಾಕ್ತೀರಿ, ನನ್ನ ಫೋನು ಬರೇ ನಂಬರ್ ಓದತೈತ್ರಿ.” ಸಹಿ, ಸೀಲ್ ಇರುವ ಕಾಗದದ ಫೋಟೋ ತೆಗೆದು ಹಾಕುವುದು ನಮ್ಮ ಕಡೆ ರೂಢಿ. ಫೋನಿಗೆ ಅದು ಅಕ್ಷರ ಅಲ್ಲ, ಬರೀ ಒಂದು ಚಿತ್ರ. ಹಾಗಾಗಿ ಅದರ ಫೈಲ್ ಹೆಸರಲ್ಲಿರುವ ಅಂಕಿಗಳನ್ನು ಓದುತ್ತದೆ. ಈಗ ಆ ಶಾಲೆಯಲ್ಲಿ ಸೂಚನೆಯನ್ನು ಟೈಪ್ ಮಾಡಿಯೇ ಹಾಕುತ್ತಾರೆ. ಕ್ರೀಡಾಕೂಟದ ಫೋಟೋ ಇದ್ದರೆ ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆಯುತ್ತಾರೆ. ಅಣ್ಣಾ, ನಿಮ್ಮ ಆ ಮಾತಿನಿಂದ ಬೇರೆ ಶಾಲೆಗಳೂ ಬದಲಾಗಿವೆ.

ಎಸ್‌ಡಿಎಂಸಿಯ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ತಾಯಂದಿರಿಗೂ ಥ್ಯಾಂಕ್ಸ್. ಮಕ್ಕಳ ಫೋಟೋ ಹಾಕುವ ಮುಂಚೆ ನಮ್ಮನ್ನು ಕೇಳಿ ಅಂತ ಪಟ್ಟು ಹಿಡಿದವರು ನೀವು. 2023ರ ಡೇಟಾ ರಕ್ಷಣೆ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಆದರೆ ನೀವು ಕೇಳಿದ್ದು ಕಾಯ್ದೆ ನೋಡಿ ಅಲ್ಲ.

ಈ ಕೆಲಸಕ್ಕೆಲ್ಲ ನಾನು ಬಳಸಿದ್ದು ವೆಬ್‌ಸೈಟ್ ಮಾಡುವ ತಂತ್ರಾಂಶ ವರ್ಡ್‌ಪ್ರೆಸ್. 2003ರಲ್ಲಿ ಮೊದಲ ಆವೃತ್ತಿ ಬಂದಾಗಿನಿಂದ ಇವತ್ತಿನವರೆಗೂ ಅದು ಮುಕ್ತ ತಂತ್ರಾಂಶ. ಯಾವ ಶಾಲೆಯೂ ಲೈಸೆನ್ಸ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. ಅದನ್ನು ಕನ್ನಡಕ್ಕೆ ಅನುವಾದ ಮಾಡುತ್ತಿರುವ ಸ್ವಯಂಸೇವಕರೇ, ನಿಮ್ಮನ್ನು ನಾನು ಮುಖತಃ ನೋಡಿಲ್ಲ. ಮೆನು ಕನ್ನಡದಲ್ಲಿ ಕಂಡಾಗ ಎಷ್ಟೋ ಮೇಷ್ಟ್ರುಗಳ ಅರ್ಧ ಭಯ ಅಲ್ಲೇ ಹೋಯಿತು.

ಕೊನೆಗೆ ನಮ್ಮ ಕನ್ನಡದ ಅಕ್ಕೋರು. ಬಳ್ಳಾರಿಯಲ್ಲಿ ಕಂಟೆಂಟ್ ಮ್ಯಾನೇಜ್‌ಮೆಂಟ್, ಅಂದರೆ ವೆಬ್‌ಸೈಟ್‌ನ ಬರಹ, ಫೋಟೋಗಳನ್ನು ನಿರ್ವಹಿಸುವ ಬಗ್ಗೆ ಶಿಕ್ಷಕರ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ನನ್ನ ಅರ್ಧ ಸಮಯವನ್ನು ಅಕ್ಕೋರಿಗೆ ಕೊಟ್ಟೆ. ಯಾರು ಬರೆಯಬಹುದು, ಯಾರು ಪ್ರಕಟಿಸಬಹುದು ಅನ್ನುವ ಅನುಮತಿಗಳನ್ನು ನಾನು ಸ್ಲೈಡ್ ಮೇಲೆ ಸ್ಲೈಡ್ ಹಾಕಿ ವಿವರಿಸುತ್ತಿದ್ದೆ. ಅವರು ಎದ್ದು ಬಂದು ಹೇಳಿದರು: “ರಜೆ ಅರ್ಜಿ ನಾವು ಬರೀತೀವಿ, ಹೆಡ್‌ಮಾಸ್ತರು ಸಹಿ ಹಾಕ್ತಾರ. ಇದೂ ಹಂಗ ಐತಿ.” ಆಮೇಲೆ ತಮ್ಮ ಫೋನ್ ತೆಗೆದು ಅಲ್ಲೇ ಒಂದು ಸೂಚನೆ ಬರೆದು ಪರಿಶೀಲನೆಗೆ ಕಳಿಸಿದರು. ಹೆಡ್‌ಮಾಸ್ತರರು ಊರಲ್ಲಿ ಕೂತು ಒಪ್ಪಿಗೆ ಕೊಟ್ಟರು. ಸೂಚನೆ ಪರದೆ ಮೇಲೆ ಬಂತು. ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿದ್ದ ಶಿಕ್ಷಕರೆಲ್ಲ ಪ್ರಶ್ನೆ ಕೇಳಲು ಶುರು ಮಾಡಿದ್ದು ಅಲ್ಲಿಂದಲೇ. ಎಲ್ಲ ಪ್ರಶ್ನೆಯೂ ಅವರಿಗೇ. ನನಗೆ ಎಷ್ಟು ಹೆಮ್ಮೆ ಆಯಿತು ಅಂತ ಅವತ್ತು ಹೇಳಲು ಆಗಲಿಲ್ಲ ಅಕ್ಕೋರೇ, ಈಗ ಹೇಳುತ್ತಿದ್ದೇನೆ.

ಶಾಲೆ ಮತ್ತೆ ಶುರುವಾದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯ ಶಿಕ್ಷಕರಿಗೆ ತರಬೇತಿ ಇದೆ. ಅಕ್ಕೋರು ಮತ್ತು ಕ್ಲರ್ಕ್ ಸರ್ ಇಬ್ಬರೇ ನಡೆಸುತ್ತಾರೆ, ನಾನು ಪಕ್ಕದಲ್ಲಿರುತ್ತೇನೆ. ಬರುವವರು ಲ್ಯಾಪ್‌ಟಾಪ್ ತರಬೇಕಾಗಿಲ್ಲ. ಫೋನ್ ಮತ್ತು ನಿಮ್ಮ ಶಾಲೆಯ ಯಾವುದಾದರೂ ಒಂದು ಹಳೆಯ ಸೂಚನೆ ತಂದರೆ ಸಾಕು.