ಪಿ.ಟಿ. ಪಿರಿಯಡ್ ಕಿತ್ತುಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಓಡುವುದು, ನೆಗೆಯುವುದು, ಚೆಂಡು ಹಿಡಿಯುವುದು ವಯಸ್ಸಾದಂತೆ ತಾನಾಗಿಯೇ ಬರುತ್ತದೆ ಎಂದು ನಾವು ಸುಮ್ನೆ ಇದ್ದುಬಿಡುತ್ತೇವೆ. ಮಕ್ಕಳ ಚಲನೆಯ ಬಗ್ಗೆ ಸಂಶೋಧನೆ ಮಾಡುವವರು ಹೇಳುವುದೇ ಬೇರೆ. ಓದು-ಬರಹದ ಹಾಗೆ ಇವನ್ನೂ ಹೇಳಿಕೊಡಬೇಕು, ರೂಢಿ ಮಾಡಿಸಬೇಕು.

ಇಲ್ಲಿ ಮುಂಬಯಿಯ ಕಾಂದಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಸಂಜೆ ನೋಡಬೇಕು. ಚೆಂಡು ಎಸೆದರೆ ಮಗು ಮುಖ ತಿರುಗಿಸಿ, ಕಣ್ಣು ಮುಚ್ಚಿ, ಎರಡೂ ತೋಳಿನಿಂದ ಎದೆಗೆ ಅವುಚಿಕೊಳ್ಳುತ್ತದೆ. ಮೂರು ವರ್ಷಕ್ಕೆ ಅದು ಸಹಜ. ಒಂಬತ್ತು ವರ್ಷದವರೂ ಹಾಗೇ ಮಾಡಿದರೆ? ಆಡಿ ಅಭ್ಯಾಸವೇ ಇಲ್ಲ. ಆಡುವುದಾದರೂ ಎಲ್ಲಿ? ಕಾಂಪೌಂಡ್ ತುಂಬ ಕಾರು, ಬೈಕು. ಗೋಡೆಯ ಮೇಲೆ ‘ಇಲ್ಲಿ ಆಡಬಾರದು’ ಎಂಬ ಬೋರ್ಡು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಪಿ.ಟಿ. ಪಿರಿಯಡ್ ಗಣಿತದ ಪಾಲು. ಇದು ಮಕ್ಕಳಿಗೆ ಮಾಡುವ ಅನ್ಯಾಯ ಅಲ್ವಾ? ಚೆಂಡು ಹಿಡಿಯಲು ಬಾರದ ಮಗು ಉಳಿದವರು ನಗುತ್ತಾರೆಂದು ಆಟದಿಂದಲೇ ದೂರ ಸರಿಯುತ್ತದೆ. ಆಡದೆ ಇನ್ನೂ ಹಿಂದೆ ಬೀಳುತ್ತದೆ. ನನಗೆ ಜಾಸ್ತಿ ಸಂಕಟವಾಗುವುದು ಇದನ್ನು ಕಂಡಾಗಲೇ.

ಮುಂಬಯಿಯ ಕನ್ನಡ ಸಂಘಗಳು ಮಕ್ಕಳಿಗೆ ಯಕ್ಷಗಾನ, ನೃತ್ಯ ಕಲಿಸುತ್ತಿವೆ, ಸಂತೋಷ. ಜೊತೆಗೆ ವಾರಕ್ಕೊಮ್ಮೆ ಲಗೋರಿ, ಕುಂಟೆಬಿಲ್ಲೆಯನ್ನೂ ಆಡಿಸಲಿ. ಒಂಟಿಕಾಲಲ್ಲಿ ಬಗ್ಗಿ ಬಿಲ್ಲೆ ಎತ್ತಿದರೆ ಮೈಯ ಸಮತೋಲನ ತಾನೇ ಪಳಗುತ್ತದೆ. ಸೊಸೈಟಿಗಳು ಭಾನುವಾರ ಬೆಳಿಗ್ಗೆಯಾದರೂ ಗಾಡಿ ತೆಗೆಸಿ ಜಾಗ ಬಿಡಲಿ.

– ಒಬ್ಬ ತಾಯಿ, ಕಾಂದಿವಲಿ, ಮುಂಬಯಿ